ದಪ್ಪ ಆಯಿಲ್, ತೆಳು ಆಯಿಲ್

ಮೊನ್ನೆ ಕಾರನ್ನು ಸರ್ವಿಸ್‌ಗೆ ಬಿಡಲು ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದ ಹಿಂದಿರುವ ಗ್ಯಾರೇಜಿಗೆ ಹೋಗಿದ್ದೆ. ಸರ್ವಿಸ್ ಮಾಡಿಸುವುದೆಂದರೆ ನನ್ನ ಮಟ್ಟಿಗೆ ಕೀ ಕೊಟ್ಟು, ಕಾಲು ಮುರಿಯದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹುಡುಕಿ, ಹಳೆಯ ಪೇಪರು ಹಿಡಿದು ಕೂರುವುದು. ಕಾರಿನ ಅಡಿಗೆ ತೂರಿದ್ದ ಮೆಕ್ಯಾನಿಕ್ ಏನೋ ಬಿಚ್ಚಿದ. ಪೇಪರಿನ ಮೇಲಿಂದ ಒಂದು ವಾಸನೆ ಹಾದುಬಂತು.

ಗೇರ್ ಆಯಿಲ್‌ನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಎಂಜಿನ್ ಆಯಿಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ದೀಪಾವಳಿಯ ಮಾರನೆಯ ಬೆಳಿಗ್ಗೆ, ಪಟಾಕಿ ಸುಟ್ಟ ಬೀದಿಯಲ್ಲಿ ಯಾರೋ ಬೆಳ್ಳುಳ್ಳಿ ಸೀಯಿಸಿಬಿಟ್ಟರೆ ಎಂಥ ವಾಸನೆ ಬರಬಹುದೋ ಅಂಥದ್ದು. ನನ್ನ ಹೆಂಡತಿಗೆ ಅದು ಬಂದರೆ ವಾಕರಿಕೆ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ನಮ್ಮ ಜಯಕ್ಕನ ಸೆರಗು ನೆನಪಾಗುತ್ತದೆ. ಅಕ್ಕನ ಸೆರಗಿಗೂ ಗೇರ್ ಆಯಿಲ್‌ಗೂ ಏನು ನಂಟು ಎಂದು ನೀವು ಕೇಳುವುದು ನ್ಯಾಯ.

ಅಷ್ಟರಲ್ಲಿ ಮೆಕ್ಯಾನಿಕ್ ಎದ್ದು ಬಂದು, ಕೈ ಒರೆಸಿಕೊಳ್ಳುತ್ತಾ, "ಸಾರ್, ಗೇರ್ ಬಾಕ್ಸ್ ಸ್ವಲ್ಪ ಸೌಂಡ್ ಬರ್ತಿದೆ. ದಪ್ಪ ಆಯಿಲ್ ಹಾಕ್ಬಿಡ್ಲಾ? ಸೈಲೆಂಟ್ ಆಗ್ಬಿಡುತ್ತೆ," ಎಂದ. ಹೂಂ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿದ್ದೂ ಅದೇ. ಆದರೆ ನಾನು, ಸ್ವಲ್ಪ ಯೋಚನೆ ಮಾಡಿ ಹೇಳ್ತೀನಪ್ಪ ಎಂದೆ. ಗೇರ್ ಆಯಿಲ್‌ಗೂ ಯೋಚನೆಯೇ ಎನ್ನುವ ಹಾಗೆ ನನ್ನ ಮುಖ ನೋಡಿ ಅವನು ಟೀ ಕುಡಿಯಲು ಹೋದ. ಅವನು ಬರುವಷ್ಟರಲ್ಲಿ ಈ ಕಥೆ ಹೇಳಿಬಿಡುತ್ತೇನೆ.

ಎಂಬತ್ತರ ದಶಕದ ಮಾತು. ಬಿ.ಎಸ್ಸಿ. ಮುಗಿಸಿ, ರಾಜಾಜಿನಗರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿಕೊಂಡು, ವಿಜಯನಗರದಲ್ಲಿದ್ದ ಜಯಕ್ಕನ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ನನ್ನ ಭಾವನದು ಶಾಮಿಯಾನದ ಅಂಗಡಿ. ಬೀದಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆಯೇ ಮನೆ. ಹಾಗಾಗಿ ಮನೆ ಯಾವುದು, ಗೋಡೌನ್ ಯಾವುದು ಎಂದು ಹೇಳುವುದು ಕಷ್ಟವಿತ್ತು. ನಾನು ಮಲಗುತ್ತಿದ್ದದ್ದು ಸುತ್ತಿಟ್ಟ ಜಮಖಾನಗಳ ಮೇಲೆ. ಮದುವೆಯ ಸೀಸನ್ನಿನಲ್ಲಿ ಜಮಖಾನಗಳೆಲ್ಲ ಬಾಡಿಗೆಗೆ ಹೋದಾಗ ನನ್ನ ಹಾಸಿಗೆಯೂ ಬಾಡಿಗೆಗೆ ಹೋಗುತ್ತಿತ್ತು. ಯಾರದೋ ಮದುವೆಯಲ್ಲಿ ಬೀಗರು ಕೂತೆದ್ದ ಜಮಖಾನದಲ್ಲಿ ವಾರವಿಡೀ ಪುಳಿಯೋಗರೆಯ ವಾಸನೆ ಹೀರುತ್ತಾ ನಿದ್ದೆ ಮಾಡಿದವನು ನಾನು.

ಭಾವ ಮಾತು ಕಡಿಮೆಯ ಮನುಷ್ಯ. ಕೆಲಸದಲ್ಲಿ ಮಾತ್ರ ಅವರಿಗೆ ನೂರೆಂಟು ನೇಮ. ಶಾಮಿಯಾನದ ಅಂಗಡಿಯೆಂದರೆ ಬರೀ ಮದುವೆ, ನಾಮಕರಣ ಎಂದುಕೊಳ್ಳಬೇಡಿ. ಸಾವಿನ ಮನೆಯ ಮುಂದೆಯೂ ಒಂದು ಬಿಳಿ ಶಾಮಿಯಾನ ಬೇಕು, ಬಂದವರು ಕೂರಲು ಕುರ್ಚಿ ಬೇಕು. ಅಂಥ ಕಡೆಗೆ ಸಾಮಾನು ಕಳಿಸುವಾಗ ಭಾವನದು ಒಂದೇ ಕಟ್ಟಪ್ಪಣೆ, ಸದ್ದಾಗಬಾರದು. ಕಬ್ಬಿಣದ ಕುರ್ಚಿಗಳ ನಡುವೆ ಹಳೆಯ ಚಾದರ ಹಾಕಿ ಕಟ್ಟಬೇಕು. ಬೊಂಬುಗಳನ್ನು ನೆಲಕ್ಕೆ ಎಸೆಯಬಾರದು, ಮಲಗಿಸಬೇಕು. ಹುಡುಗರು ಬೀಡಿ ಸೇದುವುದಿದ್ದರೆ ಪಕ್ಕದ ಬೀದಿಗೆ ಹೋಗಬೇಕು. ಎತ್ತಿನ ಗಾಡಿಯಲ್ಲಿ ಸಾಮಾನು ಹೋಗುತ್ತಿದ್ದ ಕಾಲದಲ್ಲಿ ಎತ್ತಿನ ಕೊರಳ ಗಂಟೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ.

ಇಂಥ ಭಾವ ಒಂದು ದಿನ ಪೆಂಡಾಲಿನ ಮೇಲಿಂದ ಬಿದ್ದರು. ಎಡಗೈ ಮುರಿಯಿತು. ನಾಟಿ ಕಟ್ಟು ಹಾಕಿಸಿದರು, ಮೂಳೆ ಕೂಡಿತು, ಆದರೆ ಮುಂಗೈಯಲ್ಲಿ ಮೊದಲಿನ ಬಲ ಬರಲಿಲ್ಲ. ತಟ್ಟೆ ಹಿಡಿಯಬಹುದು, ಪಂಚೆ ಕಟ್ಟಬಹುದು, ಹಗ್ಗ ಬಿಗಿಯಲು ಆಗದು. ಮೇಲೆ ಹತ್ತುವ ಕೆಲಸ ಅಲ್ಲಿಗೆ ನಿಂತಿತು. ತಾನು ಕಟ್ಟುತ್ತಿದ್ದ ಶಾಮಿಯಾನವನ್ನು ಕೆಳಗೆ ನಿಂತು ನೋಡುವುದು ಅವರಿಗೆ ಎಷ್ಟು ಹಿಂಸೆಯಾಗುತ್ತಿತ್ತೆಂದರೆ, ಆ ದಿನಗಳಲ್ಲಿ ಮನೆಯಲ್ಲಿ ಯಾರೂ ಕೈ ಎಂಬ ಮಾತನ್ನೇ ಎತ್ತುತ್ತಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಕಾಫಿ ಕುಡಿಯುತ್ತಾ, ಒಂದು ಪಿಕಪ್ ಗಾಡಿ ತಗೊಳ್ಳೋಣ ಅಂತಿದೀನಿ, ನಾನೇ ಓಡಿಸ್ತೀನಿ ಎಂದರು. ಅವರಿಗೆ ಲೈಸೆನ್ಸ್ ಇತ್ತು. ಮದುವೆಗೆ ಮುಂಚೆ ಯಾರದೋ ಲಾರಿ ಓಡಿಸಿದ್ದರು. ಮೇಲೆ ಹತ್ತಲಾಗದಿದ್ದರೂ ಸಾಮಾನು ಕೊಂಡೊಯ್ಯುವವನು ನಾನು ಎನ್ನುವಂತಾದರೆ ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ತಪ್ಪುತ್ತಿತ್ತು. ಅವರಿಗೆ ಅಂಗಡಿಯ ಆ ಕುರ್ಚಿಯ ಭಯ ಎಷ್ಟಿತ್ತೆಂದು ಅಕ್ಕನಿಗೆ ಮಾತ್ರ ಗೊತ್ತಿತ್ತು.

ಗಾಡಿ ಬಂತು. ಸೆಕೆಂಡ್ ಹ್ಯಾಂಡು. ತಿಳಿನೀಲಿ ಬಣ್ಣ, ಒಂದು ಬಾಗಿಲು ಮಾತ್ರ ಯಾಕೋ ಹಸಿರು. ಮಾರಿದವನು ಎಂಜಿನ್ ಚಾಲೂ ಮಾಡಿ, ಒಂದು ಸುತ್ತು ಹಾಕಿಸಿ, ಗೇರ್ ಬಾಕ್ಸಿನಲ್ಲಿ ಒಂದು ಸದ್ದು ಬಂದರೆ ಕೇಳಿ ಎಂದನಂತೆ. ಸದ್ದು ಬರಲಿಲ್ಲ. ಸದ್ದಿನ ಬಗ್ಗೆ ಅಷ್ಟು ನೇಮವಿದ್ದ ಭಾವ ಅಲ್ಲೇ ಸೋತರು. ಗಾಡಿಯನ್ನು ಮನೆಗೆ ತಂದು ಅಕ್ಕನಿಗೆ ತೋರಿಸಿದಾಗ ಅವರು ಹೇಳಿದ ಮೊದಲ ಗುಣವೂ ಅದೇ, ಬಾಯಿಲ್ಲದ ಗಾಡಿ ಎಂದು.

ಬಾಯಿಲ್ಲದಿದ್ದರೂ ಗಾಡಿಗೆ ಹಟವಿತ್ತು. ಗೇರ್ ಬೀಳುತ್ತಿರಲಿಲ್ಲ. ಬಲಗೈಯಲ್ಲಿ ಸ್ಟೇರಿಂಗ್ ಹಿಡಿದು ಎಡಗೈಯಿಂದ ರಾಡು ತಳ್ಳುವಾಗ ಭಾವನ ಹಣೆಯಲ್ಲಿ ಬೆವರು ಒಡೆಯುತ್ತಿತ್ತು. ಕೆಲವೊಮ್ಮೆ ಸ್ಟೇರಿಂಗ್ ಬಿಟ್ಟು ಬಲಗೈಯನ್ನೂ ತಂದು ಎರಡು ಕೈಯಲ್ಲಿ ತಳ್ಳುತ್ತಿದ್ದರು. ನಾನು ಅಕ್ಕನ ಹತ್ತಿರ, ಈ ಗಾಡಿ ಯಾಕೆ ಹಿಂಗೆ ಎಂದು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಆಯಿಲ್ ದಪ್ಪ ಕಣೋ, ಅಷ್ಟೇ," ಎಂದಳು.

ನನಗೋ ಹೊಸದಾಗಿ ಪದವಿ ಪಡೆದ ಉಮೇದು. ದ್ರವಗಳ ಸ್ನಿಗ್ಧತೆಯ ಮೇಲೆ ಅಲ್ಲೇ, ಅಕ್ಕಿಯ ಮೊರದ ಪಕ್ಕದಲ್ಲಿ, ಒಂದು ಭಾಷಣ ಮಾಡಿದೆ. ಅಕ್ಕ ಕೊನೆಯವರೆಗೂ ಕೇಳಿ, ಸರಿ ಹಾಗಾದ್ರೆ ಭಾವನ ಜೊತೆ ನೀನೂ ಹೋಗು ಮೆಕ್ಯಾನಿಕ್ ಬಾಬಣ್ಣನ ಹತ್ತಿರ ಎಂದಳು. ಹೊರಡುವ ಮುಂಚೆ ವಿಜ್ಞಾನಿಯ ಗತ್ತಿನಲ್ಲಿ ಗಾಡಿ ಹತ್ತಿ ಕೂತು, ಕ್ಲಚ್ಚು ಒತ್ತಿ ನಾನೇ ರಾಡು ಎಳೆದು ನೋಡಿದೆ. ಸ್ವಲ್ಪ ಬಿಗಿಯಿತ್ತು, ನಿಜ. ಆದರೆ ನನ್ನಂಥ ಕಡ್ಡಿ ಪೈಲ್ವಾನನ ಕೈಗೂ ಅದು ಬಂತು, ಮೊದಲನೆಯದು, ಎರಡನೆಯದು, ಮೂರನೆಯದು. ಕಿಟಕಿಯಾಚೆ ಅಕ್ಕ ನಿಂತು ನೋಡುತ್ತಿದ್ದಳು. ನಾನು ರಾಡಿನಿಂದ ಕೈ ತೆಗೆದೆ. "ಹೌದಕ್ಕ, ಬಹಳ ದಪ್ಪ," ಎಂದೆ. ಅಕ್ಕ ಒಳಗೆ ಹೋದಳು. ಆವತ್ತು ಸಂಜೆ ನನ್ನ ತಟ್ಟೆಗೆ ತುಪ್ಪ ಜಾಸ್ತಿ ಬಿತ್ತು.

ಬಾಬಣ್ಣನ ಗ್ಯಾರೇಜ್ ಇದ್ದದ್ದು ಕಾಮಾಕ್ಷಿಪಾಳ್ಯದಲ್ಲಿ, ಲೇತ್ ಮಷಿನ್ನುಗಳ ಸಾಲಿನ ಕೊನೆಯಲ್ಲಿ. ಗ್ಯಾರೇಜ್ ಎಂದರೆ ಒಂದು ಹೊಂಗೆಮರ, ಅದರ ಕೆಳಗೆ ಒಂದು ಗುಂಡಿ. ಬಾಬಣ್ಣ ಒಳ್ಳೆಯ ಮನುಷ್ಯ, ಆದರೆ ಯಾವ ಗಾಡಿಗೆ ಯಾವ ಕಾಯಿಲೆ ಎಂದು ಮೊದಲ ಸಲಕ್ಕೇ ಸರಿಯಾಗಿ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಆಯಿಲ್ ಆರಿಸುವ ವಿಷಯಕ್ಕೆ ಬಂದರೆ ಮಾತ್ರ ಅವನಿಗೆ ಗಂಡು ನೋಡುವ ಮನೆಯ ಹಿರಿಯನ ಗಾಂಭೀರ್ಯ ಬರುತ್ತಿತ್ತು. ಹೆಬ್ಬೆರಳು ತೋರುಬೆರಳ ನಡುವೆ ಆಯಿಲ್ ತಿಕ್ಕುವನು, ಮೂಸುವನು, ಕಣ್ಣು ಮುಚ್ಚುವನು. ನಮ್ಮ ಗಾಡಿಯನ್ನು ಸ್ವಲ್ಪ ಓಡಿಸಿ ಬಿಸಿ ಮಾಡಿಕೊಂಡು ಬಂದು, ಗುಂಡಿಗಿಳಿದು, ಕೆಳಗಿನ ಬಿರಡೆ ಬಿಚ್ಚಿದ. ಆಯಿಲ್ ಇಳಿಯಲೇ ಇಲ್ಲ. ಬಹಳ ಹೊತ್ತಿನ ಮೇಲೆ ಗಂಜಿಯ ಹಾಗೆ ಮುದ್ದೆಮುದ್ದೆಯಾಗಿ ಬಾಂಡಲಿಗೆ ಬಿತ್ತು. ಬಾಬಣ್ಣ ಅದನ್ನು ತಿಕ್ಕಿ ನೋಡಿ ಮುಖ ಸಿಂಡರಿಸಿದ. ಮರದ ಹೊಟ್ಟು.

ಸವೆದ ಗೇರ್ ಬಾಕ್ಸ್ ಊಳಿಡುವುದನ್ನು ಮುಚ್ಚಲು ಮಾರುವವರು ಹೂಡುವ ಹಳೆಯ ಆಟವಂತೆ ಅದು. ಇದ್ದುದರಲ್ಲೇ ದಪ್ಪದ ನೂರಾ ನಲವತ್ತನೇ ನಂಬರಿನ ಆಯಿಲ್‌ಗೆ ಸಾಮಿಲ್ಲಿನ ಹೊಟ್ಟು ಬೆರೆಸಿ ತುಂಬಿಬಿಟ್ಟರೆ ಹಲ್ಲುಗಳ ಸದ್ದು ಅಡಗುತ್ತದೆ. ನಮ್ಮ ಬಾಯಿಲ್ಲದ ಗಾಡಿಗೆ ಬಾಯಿ ಇತ್ತು, ಬಟ್ಟೆ ತುರುಕಿದ್ದರು ಅಷ್ಟೇ. ಭಾವ ಬಾಂಡಲಿಯನ್ನು ನೋಡುತ್ತಾ ನಿಂತರು. ಟೋಪಿ ಹಾಕಿಸಿಕೊಂಡ ಅವಮಾನ ಮುಖದಲ್ಲಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಏನೋ, ಒಂದು ಬಗೆಯ ನಿರಾಳವೂ ಕಂಡ ಹಾಗಾಯಿತು. "ಅದಕ್ಕೇ ಗೇರ್ ಬೀಳ್ತಿರಲಿಲ್ಲ ನೋಡು," ಎಂದರು. ಬಾಬಣ್ಣ ಒಂದು ಸಲ ಅವರ ಮುಂಗೈಯತ್ತ ನೋಡಿ, ಹೌದಣ್ಣ, ಇಂಥ ಆಯಿಲ್ ಇದ್ರೆ ಭೀಮಸೇನ ಬಂದ್ರೂ ಬೀಳಲ್ಲ ಎಂದ. ನನಗೆ ಆಗ ಬಾಬಣ್ಣನ ಮೇಲೆ ತುಂಬಾ ಪ್ರೀತಿ ಹುಟ್ಟಿತು.

ಹೊಟ್ಟನ್ನೆಲ್ಲ ಡೀಸೆಲ್‌ನಲ್ಲಿ ತೊಳೆದು, ಎಲ್ಲರೂ ಹಾಕುವ ತೊಂಬತ್ತನೇ ನಂಬರಿನ ಆಯಿಲ್ ಹಾಕಿದೆವು. ನಂಬರು ಕಡಿಮೆಯಾದಷ್ಟೂ ಆಯಿಲ್ ತೆಳು. ರಾಡು ಹಗುರಾಯಿತು, ಗಾಡಿಗೆ ಬಾಯಿ ಬಂತು. ಕೊಂಯ್ ಎಂದು ಸಣ್ಣಗೆ ಶುರುವಾಗಿ, ವೇಗ ಹೆಚ್ಚಿದ ಹಾಗೆ ಏರುತ್ತಾ ಹೋಗಿ, ಗೇರ್ ಬದಲಿಸಿದಾಗ ಮತ್ತೆ ತಗ್ಗಿಗೆ ಬರುವ ಒಂದು ರಾಗ. ಇಷ್ಟಾದರೂ ಭಾವನಿಗೆ ಏರಿನಲ್ಲಿ ಗೇರ್ ಇಳಿಸುವುದು ಸಾಧ್ಯವಾಗುತ್ತಿರಲಿಲ್ಲ. ಈಗ ಬೈಯಲು ಆಯಿಲ್ ಕೂಡ ಇರಲಿಲ್ಲವಲ್ಲ ಎನ್ನುತ್ತೀರಾ? ಇತ್ತು. ಇನ್ನೂ ಸ್ವಲ್ಪ ದಪ್ಪ ಇದೆ, ಓಡ್ತಾ ಓಡ್ತಾ ಸರಿಹೋಗುತ್ತೆ ಎಂದು ನಾವೆಲ್ಲ ಹೇಳುತ್ತಿದ್ದೆವು.

ಆ ಸಮಯದಲ್ಲೇ ಕೆಂಗೇರಿಯ ಒಂದು ಮದುವೆಗೆ ಸಾಮಾನು ಹೊರಟಿತು. ಯಾವಾಗಲೂ ಪಕ್ಕದಲ್ಲಿ ಕೂರುತ್ತಿದ್ದ ಆಳು ಬಂದಿರಲಿಲ್ಲ. ಪಾತ್ರೆಗಳನ್ನು ಎಣಿಸಿ ಒಪ್ಪಿಸಲು ಅಕ್ಕನೇ ಹತ್ತಿ ಕೂತಳು. ನನಗೆ ರಜವಿತ್ತು. ಹಿಂದೆ, ಜಮಖಾನಗಳ ಮೇಲೆ ಕೂತಿದ್ದೆ. ಪಿಕಪ್ಪಿನ ತಲೆಯ ಹಿಂಬದಿಯಲ್ಲಿ ಒಂದು ಚಿಕ್ಕ ಗಾಜಿನ ಕಿಟಕಿ ಇರುತ್ತದೆ. ಅದರಲ್ಲಿ ಇಬ್ಬರ ಬೆನ್ನು, ನಡುವೆ ಗೇರ್ ರಾಡಿನ ಕರಿ ಗುಂಡು ಕಾಣುತ್ತಿತ್ತು. ಕೆಂಗೇರಿಗೆ ಮುಂಚಿನ ಏರಿನಲ್ಲಿ ಗಾಡಿ ತಿಣುಕತೊಡಗಿತು. ಮೂರನೆಯದರಿಂದ ಎರಡನೆಯದಕ್ಕೆ ಇಳಿಸಬೇಕು. ಭಾವ ರಾಡು ತಳ್ಳಿದರು, ಬರಲಿಲ್ಲ. ಹಿಂದಿನಿಂದ ಬಸ್ಸಿನವನು ಹಾರ್ನ್ ಬಾರಿಸುತ್ತಿದ್ದ. ಪಕ್ಕದಲ್ಲಿ ಸೈಕಲ್ಲುಗಳು, ಬಲಗೈಯನ್ನು ಸ್ಟೇರಿಂಗ್‌ನಿಂದ ತೆಗೆಯುವಂತಿರಲಿಲ್ಲ. ಗಾಡಿ ನಿಂತು, ಒಂದು ಅಂಗೈಯಗಲ ಹಿಂದಕ್ಕೆ ಜಾರಿತು. ನನ್ನ ಹಿಂದಿದ್ದ ಹಂಡೆಗಳು ಸರಿದ ಸದ್ದಿಗೆ ನಾನು ಗಾಡಿಯ ಅಂಚನ್ನು ಹಿಡಿದುಕೊಂಡೆ.

ಆಗ ಅಕ್ಕ ತನ್ನ ಬಲಗೈಯನ್ನು ತಂದು ಭಾವನ ಕೈಯ ಮೇಲಿಟ್ಟಳು. ಅವರ ಕಡೆ ನೋಡಲಿಲ್ಲ, ರಾಡಿನ ಕಡೆಯೂ ನೋಡಲಿಲ್ಲ. ಗಾಜಿನಾಚೆಯ ರಸ್ತೆಯನ್ನು ನೋಡುತ್ತಲೇ ತಳ್ಳಿದಳು. ಗೇರ್ ಬಿತ್ತು. ಗಾಡಿ ಏರನ್ನು ಹತ್ತಿತು. ಹೊರಗಡೆ ಅಷ್ಟು ಗಲಾಟೆಯಿದ್ದರೂ ಆ ಚಿಕ್ಕ ಕಿಟಕಿಯ ಸಂದಿಯಿಂದ ಅಕ್ಕ ಹೇಳಿದ್ದು ನನಗೆ ಕೇಳಿಸಿತು. "ಈ ಆಯಿಲ್ಲೂ ಸರಿ ಇಲ್ಲ ಕಣ್ರೀ." ಭಾವ, "ಹೂಂ," ಎಂದರು.

ಅಲ್ಲಿಂದಾಚೆ ಪಾತ್ರೆ ಎಣಿಸುವ ನೆಪದಲ್ಲಿ ಅಕ್ಕ ಪ್ರತಿ ಸಲವೂ ಹೊರಡತೊಡಗಿದಳು. ಬರೀ ಬೊಂಬು ಹೋಗುವಾಗಲೂ ಪಾತ್ರೆ ಎಣಿಸಲು ಹೊರಟಳು. ಮೊದಮೊದಲು ಅವಳ ಕೈ ಅವರ ಕೈಯ ಮೇಲಿರುತ್ತಿತ್ತು. ಕ್ರಮೇಣ ಕೆಳಗಿನ ಕೈ ಸರಿದುಹೋಗಿ ಸ್ಟೇರಿಂಗ್ ಸೇರಿತು. ಅವರು ಕ್ಲಚ್ಚು ಒತ್ತುವುದು, ಇವಳು ರಾಡು ತಳ್ಳುವುದು. ಒಂದು ಮಾತಿಲ್ಲ, ಒಂದು ಸನ್ನೆಯಿಲ್ಲ. ಇದು ಹೇಗೆ ಸಾಧ್ಯ ಎಂದು ನಾನು ಹಿಂದೆ ಕೂತು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ದಿನ ಗೊತ್ತಾಯಿತು. ಗಾಡಿ ಊಳಿಡುತ್ತಿತ್ತಲ್ಲ, ಅಕ್ಕ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ರಾಗ ಎಲ್ಲಿಗೆ ಏರಿದರೆ ಮುಂದಿನ ಗೇರ್, ಎಲ್ಲಿ ಸೊರಗಿದರೆ ಹಿಂದಿನದು ಎಂದು ಅವಳ ಕಿವಿಗೆ ಪಾಠವಾಗಿತ್ತು. ಒಲೆಯ ಮೇಲಿನ ಹಾಲು ಉಕ್ಕುವ ಮುಂಚಿನ ಸದ್ದನ್ನು ನಡುಮನೆಯಿಂದಲೇ ಹಿಡಿಯುವ ಕಿವಿಗೆ ಅದೇನೂ ಹೆಚ್ಚಲ್ಲ. ಭಾವ ಈಗ ಹಾಕು ಎಂದು ಹೇಳಬೇಕಾಗಿರಲಿಲ್ಲ. ಹಾಗೆ ಹೇಳಬೇಕಾಗಿ ಬಂದಿದ್ದರೆ ಅವರು ಗಾಡಿಯನ್ನೇ ಮುಟ್ಟುತ್ತಿರಲಿಲ್ಲ. ಸೆರಗಿನ ತುದಿ ರಾಡಿನ ಬುಡದ ರಬ್ಬರಿಗೆ ತಾಕಿ ತಾಕಿ ಅಲ್ಲಿ ಒಸರುತ್ತಿದ್ದ ಆಯಿಲ್‌ನ ವಾಸನೆ ಅಕ್ಕನ ಸೀರೆಗಳಿಗೆಲ್ಲ ಹಿಡಿದದ್ದು ಆಗಲೇ.

ಎಲ್ಲ ನೆಟ್ಟಗಾಯಿತು ಎಂದುಕೊಳ್ಳುವಷ್ಟರಲ್ಲಿ ಬಸವೇಶ್ವರನಗರದ ಒಂದು ಸಾವಿನ ಮನೆಗೆ ಕುರ್ಚಿ ಹೋಗಬೇಕಾಯಿತು. ಚಿಕ್ಕ ವಯಸ್ಸಿನ ಹೆಂಗಸು ತೀರಿಕೊಂಡಿದ್ದರು. ಬೀದಿಯಲ್ಲಿ ಜನ ಸದ್ದಿಲ್ಲದೆ ನಿಂತಿದ್ದರು. ನಮ್ಮ ಗಾಡಿ ತಿರುವಿನಲ್ಲಿ ಬಂದದ್ದೇ ತಡ, ಮನೆಯೊಳಗಿನವರೆಲ್ಲ ಬಾಗಿಲಿಗೆ ಬಂದರು. ಮುದುಕರೊಬ್ಬರು ಬೇಸರದಿಂದ, ನಾಯಿ ಊಳಿಟ್ಟ ಹಾಗಿದೆಯಲ್ಲಪ್ಪ, ಇಲ್ಲಿಗೆ ಇಂಥಾ ಗಾಡಿ ತರ್ತಾರಾ ಎಂದುಬಿಟ್ಟರು. ಎತ್ತಿನ ಗಂಟೆ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ ಮನುಷ್ಯ ತಲೆ ತಗ್ಗಿಸಿ, ಕುರ್ಚಿಗಳನ್ನು ಒಂದೊಂದಾಗಿ ಬಲಗೈಯಲ್ಲಿ ತಾವೇ ಇಳಿಸಿದರು. ವಾಪಸು ಬರುವಾಗ ನೇರವಾಗಿ ಕಾಮಾಕ್ಷಿಪಾಳ್ಯಕ್ಕೆ ಗಾಡಿ ತಿರುಗಿಸಿ ಬಾಬಣ್ಣನಿಗೆ, ನೂರಾ ನಲವತ್ತನ್ನೇ ಹಾಕಿಬಿಡು ಎಂದರು. ಹೊಟ್ಟು ಬೇಡ, ಬರೀ ದಪ್ಪ ಆಯಿಲ್. ಅಕ್ಕ ಬೇಡ ಎನ್ನಲಿಲ್ಲ. ಆ ಮುದುಕರ ಮಾತು ಅವಳಿಗೂ ಕೇಳಿಸಿತ್ತು.

ಗಾಡಿ ಮತ್ತೆ ಮೂಕವಾಯಿತು. ಅದರ ಜೊತೆಗೆ ಅಕ್ಕನ ಕಿವಿಯೂ ಹೋಯಿತು. ಯಾವಾಗ ತಳ್ಳಬೇಕೆಂದು ತಿಳಿಯದೆ ಅವಳು ಬೇಗ ತಳ್ಳುವಳು, ಇಲ್ಲವೇ ತಡ ಮಾಡುವಳು. ಹಲ್ಲಿಗೆ ಹಲ್ಲು ಉಜ್ಜಿ ಕರಕರ ಎನ್ನುವುದು. ದಪ್ಪ ಆಯಿಲ್‌ನಲ್ಲಿ ರಾಡನ್ನು ಅಳ್ಳಾಡಿಸಿ ಅಳ್ಳಾಡಿಸಿ ಅವಳ ಮುಂಗೈ ಊದಿತು. ರಾತ್ರಿಯ ಚಪಾತಿಯನ್ನು ನಾನು ಲಟ್ಟಿಸಿದೆ, ಅದರ ಆಕಾರದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಭಾವ ಅವಳ ಮುಂಗೈಯನ್ನು ನೋಡಿದರು, ತಮ್ಮದನ್ನು ನೋಡಿಕೊಂಡರು, ಊಟ ಬಿಟ್ಟು ಎದ್ದರು. ಮಾರನೆಯ ದಿನ ಅಂಗಡಿಯ ಮುಂದೆ ಒಂದು ಕುರ್ಚಿ ಬಿಚ್ಚಿ ಹಾಕಿಕೊಂಡು ಕೂತರು. ಡ್ರೈವರ್ ಯಾರಾದ್ರೂ ಇದ್ದಾರಾ ನೋಡು ಎಂದು ನನಗೆ ಹೇಳಿ, ಬೀದಿಯ ಕಡೆ ಮುಖ ತಿರುಗಿಸಿದರು.

ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಬಿಸಿನೀರಿನ ಬಟ್ಟೆಯನ್ನು ಕೈಗೆ ಸುತ್ತಿಕೊಂಡಿದ್ದಳು. "ಡ್ರೈವರ್ ಹುಡುಕ್ಬೇಡ ಕಣೋ. ಆ ಕುರ್ಚಿ ಮೇಲೆ ಕೂತ್ರೆ ಅವರು ಉಳಿಯಲ್ಲ," ಎಂದಳು. ಹಾಗಾದ್ರೆ ಏನು ಮಾಡೋದು ಅಕ್ಕ, ಅವರ ಕೈಯ ವಿಷಯ ನೀನೇ ಬಾಯಿಬಿಟ್ಟು ಹೇಳಿಬಿಡಬಾರದಾ ಎಂದೆ. ಅದನ್ನ ಹೇಳಬೇಕಾದೋಳು ನಾನಲ್ಲ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಆಫೀಸಿಗೆ ಹೋಗಿ, ಸಿಕ್ಕ ಡ್ರೈವರುಗಳೆಲ್ಲ ಕುಡುಕರು ಎಂದು ಬಂದು ಹೇಳಿದೆ. ಯಾರನ್ನೂ ಕೇಳಿರಲಿಲ್ಲ. ಭಾವ ನಂಬಿದ ಹಾಗೆ ನಟಿಸಿದರು. ನಮ್ಮ ಮನೆಯಲ್ಲಿ ಆ ವರ್ಷ ಎಲ್ಲರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಬಹಳ ಪ್ರೀತಿಯಿಂದ ಇದ್ದೆವು.

ಕೆಲವು ದಿನ ಕಳೆದು ಒಂದು ಭಾನುವಾರ ಬೆಳಿಗ್ಗೆ ಭಾವ ಕುರ್ಚಿಯನ್ನು ಮಡಿಸಿ ಒಳಗಿಟ್ಟರು. ಹತ್ತಿ ಎಂದರು. ಅಕ್ಕ ಪಕ್ಕದಲ್ಲಿ, ನಾನು ಹಿಂದೆ. ಕರಕರ ಎನ್ನುತ್ತಾ ಗಾಡಿ ಬಾಬಣ್ಣನ ಹೊಂಗೆಮರದ ಕೆಳಗೆ ನಿಂತಿತು. ಬಾಬಣ್ಣ ಹಲ್ಲುಜ್ಜುತ್ತಿದ್ದ. ಭಾವ ಕೆಳಗಿಳಿದು, ಈ ಆಯಿಲ್ ಇಳಿಸು, ಎಂಬತ್ತು ಹಾಕು ಎಂದರು. ತೊಂಬತ್ತಲ್ಲ, ಎಂಬತ್ತು. ಅಂಗಡಿಯಲ್ಲಿದ್ದುದರಲ್ಲೆಲ್ಲ ತೆಳುವಾದದ್ದು.

ಬಾಬಣ್ಣ ಬಾಯಿ ಮುಕ್ಕಳಿಸಿ ಉಗಿದು, "ಅಣ್ಣಾ, ಎಯ್ಟಿ ಹಾಕಿದ್ರೆ ಇದು ಊರಿಗೆಲ್ಲ ಕೇಳ್ಸುತ್ತೆ," ಎಂದ.

"ಕೇಳ್ಸ್ಲಿ. ಅವಳಿಗೆ ಕೇಳ್ಸ್ಬೇಕು," ಎಂದರು ಭಾವ. ಆಮೇಲೆ, ಹೊಂಗೆಮರದ ಬುಡವನ್ನು ನೋಡುತ್ತಾ, ಅಲ್ಲಿದ್ದ ನಮಗೆಲ್ಲರಿಗೂ ಕೇಳುವ ಹಾಗೆ ಹೇಳಿದರು. "ಗೇರ್ ಹಾಕೋದು ಅವಳು. ನನ್ನ ಕೈಯಲ್ಲಿ ಆಗಲ್ಲ ಬಾಬು."

ಬೀಳುವಾಗ ಮುರಿದ ಕೈಯ ಬಗ್ಗೆ ಅವರು ಬಾಯಿಬಿಟ್ಟು ಆಡಿದ್ದು ಆವತ್ತೇ ಮೊದಲು. ಬಾಬಣ್ಣ ಗುಂಡಿಯಲ್ಲಿ ಏನೋ ಕೆಲಸವಿರುವವನ ಹಾಗೆ ಕೆಳಗಿಳಿದ. ನಾನು ಹಗ್ಗದ ಗಂಟೊಂದನ್ನು ಬಿಚ್ಚಿ ಮತ್ತೆ ಕಟ್ಟಿದೆ. ಅಕ್ಕ ಗಾಡಿಯಲ್ಲೇ ಕೂತಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಕಿಟಕಿಯಿಂದ ತಲೆ ಹೊರಹಾಕಿ, "ಬಾಬಣ್ಣ, ಪೂರ್ತಿ ತುಂಬಿಸಿ, ಕಮ್ಮಿ ಮಾಡ್ಬೇಡಿ," ಎಂದಳು. ಪಕ್ಕದ ಬಿರಡೆಯ ತೂತಿನಿಂದ ತುಳುಕಿ ಹೊರಬರುವವರೆಗೂ ಬಾಬಣ್ಣ ಆಯಿಲ್ ಹಾಕಿದ.

ಗಾಡಿ ಊರಿಗೆಲ್ಲ ಕೇಳಿಸಿತು. ವಿಜಯನಗರದ ಮಕ್ಕಳು ನಮ್ಮ ಗಾಡಿ ಬೀದಿ ತುದಿಗೆ ಬರುವ ಮುಂಚೆಯೇ ಅದರ ಹಾಗೆ ಕೂಗುತ್ತಿದ್ದರು. ಭಾನುವಾರಗಳಂದು ನನಗೆ ಡ್ರೈವಿಂಗ್ ಕಲಿಸುತ್ತೇವೆಂದು ಇಬ್ಬರೂ ನನ್ನನ್ನು ಶ್ರೀಗಂಧದ ಕಾವಲಿನ ಬಯಲಿಗೆ ಕರೆದೊಯ್ಯುತ್ತಿದ್ದರು. ನಾನು ಒಂದು ಬಂಡೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆ, ಅವರಿಬ್ಬರೂ ಮುಂದೆ ಹಿಂದೆ ಓಡಿಸಿ ಅಭ್ಯಾಸ ಮಾಡುತ್ತಿದ್ದರು. ಒಮ್ಮೆ ಮಾಗಡಿ ರಸ್ತೆಯಲ್ಲಿ ಪೊಲೀಸಿನವರೊಬ್ಬರು ತಡೆದು ನಿಲ್ಲಿಸಿದರು. ಭಾವನ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸ್ಟೇರಿಂಗಿಗೆ ಇದು ಸರಿ, ಗೇರಿಗೆ ಯಾರ ಲೈಸೆನ್ಸಮ್ಮ ಎಂದು ಅಕ್ಕನನ್ನು ಕೇಳಿದರು. ಅಕ್ಕ ಕೊರಳ ತಾಳಿಯನ್ನು ಸೆರಗಿನಿಂದ ಆಚೆ ತೆಗೆದು ತೋರಿಸಿದಳು. ಪೊಲೀಸಿನವರು ನಕ್ಕು ಬಿಟ್ಟರು. ಭಾವ ಅಂಗಡಿಗೆ ಬರುವವರೆಗೂ ನಗುತ್ತಲೇ ಬಂದರು, ಅವರು ಅಷ್ಟು ನಕ್ಕಿದ್ದನ್ನು ನಾನು ಇನ್ನೆಂದೂ ಕಾಣಲಿಲ್ಲ.

ಸಾವಿನ ಮನೆಯ ನೇಮವನ್ನೇನೂ ಅವರು ಬಿಡಲಿಲ್ಲ. ಗಾಡಿಯನ್ನು ಬೀದಿಯಾಚೆಯೇ, ಸದ್ದು ತಲುಪದಷ್ಟು ದೂರದಲ್ಲಿ ನಿಲ್ಲಿಸಿ, ಕುರ್ಚಿ, ಬೊಂಬು ಎಲ್ಲವನ್ನೂ ಹೆಗಲ ಮೇಲೆ ಹೊತ್ತು ನಡೆಯುವುದು ನಮ್ಮ ಅಂಗಡಿಯ ಪದ್ಧತಿಯಾಯಿತು. ನಾನೂ ಹೊತ್ತಿದ್ದೇನೆ. ಭಾವ ಬಲಗೈಯಲ್ಲಿ ಒಂದೊಂದೇ ಕುರ್ಚಿ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಅವರೇ ತೀರಿಕೊಂಡರು. ಅಷ್ಟರಲ್ಲಿ ನಮ್ಮ ಅಂಗಡಿ ಮುಚ್ಚಿತ್ತು, ಶಾಮಿಯಾನವನ್ನು ಬೇರೆಯವರ ಹತ್ತಿರ ಹೇಳಿದ್ದೆವು. ಬಾಗಿಲಲ್ಲಿ ನಿಂತು ನೋಡುತ್ತೇನೆ, ಬೀದಿಯ ತಿರುವಿನಿಂದ ಹುಡುಗರು ಹೆಗಲ ಮೇಲೆ ಕುರ್ಚಿ ಹೊತ್ತು, ಮಾತಾಡದೆ, ಸಾಲಾಗಿ ನಡೆದು ಬರುತ್ತಿದ್ದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ನಾನು ಆಗ ಅತ್ತುಬಿಟ್ಟೆ.

ಮೆಕ್ಯಾನಿಕ್ ಟೀ ಮುಗಿಸಿ ಬಂದ. ಕಂಪನಿಯವರು ಹೇಳಿರೋ ಆಯಿಲ್ಲೇ ಹಾಕಪ್ಪ, ಸೌಂಡ್ ಬಂದ್ರೆ ಬರ್ಲಿ ಎಂದೆ. ಆಮೇಲೆ ಕಂಪ್ಲೇಂಟ್ ಮಾಡ್ಬಾರ್ದು ಸಾರ್ ಎಂದ. ಮಾಡಲ್ಲ ಎಂದು ಮಾತು ಕೊಟ್ಟೆ.

ಆ ಸಂಜೆ ಒಂದು ಆರತಕ್ಷತೆಗೆ ಜಯಕ್ಕನನ್ನು ಕರೆದೊಯ್ಯಬೇಕಿತ್ತು. ಅವಳೀಗ ಮಗಳ ಜೊತೆ ಅದೇ ಶ್ರೀಗಂಧದ ಕಾವಲಿನಲ್ಲಿದ್ದಾಳೆ. ನಾನು ಕಡಲೆಕಾಯಿ ತಿಂದ ಬಂಡೆ ಯಾರ ಮನೆಯ ಅಡಿಯಲ್ಲಿದೆಯೋ ಗೊತ್ತಿಲ್ಲ. ಮಂಡಿನೋವು ಒಂದು ಬಿಟ್ಟರೆ ಗಟ್ಟಿಮುಟ್ಟಾಗಿದ್ದಾಳೆ, ಮಾತು ಮೊದಲಿಗಿಂತ ಜಾಸ್ತಿಯಾಗಿದೆ. ಕಾರು ಹತ್ತಿದವಳೇ ಮೊಮ್ಮಗಳ ಜಡೆ, ಅವರೆಕಾಯಿಯ ಸೊಗಡು ಎಂದು ಶುರುಮಾಡಿದಳು. ಮಾಗಡಿ ರಸ್ತೆಯ ಏರಿನಲ್ಲಿ ಕಾರಿನ ಸಣ್ಣ ಕೊಂಯ್ ಸದ್ದು ಸೊರಗತೊಡಗಿತು. ಅಕ್ಕನ ಮಾತು ನಿಲ್ಲಲಿಲ್ಲ, ಮಡಿಲಲ್ಲಿದ್ದ ಬಲಗೈ ಮಾತ್ರ ತಾನಾಗಿ ಎದ್ದು ಗೇರ್ ರಾಡಿನ ಕಡೆ ಬಂತು. ಇದು ಹೊಸದೇನಲ್ಲ. ಯಾವಾಗ ನನ್ನ ಪಕ್ಕ ಕೂತರೂ ಅವಳ ಕೈ ಹಾಗೆ ಬರುತ್ತದೆ, ಇರ್ಲಿ ಬಿಡಕ್ಕ ಎಂದು ನಾನು ನಯವಾಗಿ ಸರಿಸುತ್ತೇನೆ, ಅವಳು ನಾಚಿ ಕೈ ಮಡಿಸಿಕೊಳ್ಳುತ್ತಾಳೆ.

ಈ ಸಲ ನಾನು ರಾಡಿನಿಂದ ಕೈ ತೆಗೆದು ಸ್ಟೇರಿಂಗ್ ಮೇಲಿಟ್ಟೆ. ಕ್ಲಚ್ಚು ಒತ್ತಿದೆ. ಅಕ್ಕ ಅವರೆಕಾಯಿಯ ಮಾತಿನ ನಡುವೆಯೇ, ಎದುರಿನ ರಸ್ತೆಯನ್ನು ನೋಡುತ್ತಾ, ಗೇರ್ ಇಳಿಸಿದಳು. ಕಾರು ಏರನ್ನು ಹತ್ತಿತು. ಅವಳು ಮಾತು ನಿಲ್ಲಿಸಿದಳು.

"ಯಾವ ಆಯಿಲ್ ಹಾಕ್ಸಿದೀಯೋ ಇದಕ್ಕೆ?" ಎಂದು ಕೇಳಿದಳು.

"ತೆಳು, ಅಕ್ಕ."

"ಹೂಂ. ಕೇಳಿಸ್ತಾ ಇದೆ," ಎಂದಳು.

ಛತ್ರ ಬರುವವರೆಗೂ ನಾನು ಎಡಗೈಯನ್ನು ಸ್ಟೇರಿಂಗ್‌ನಿಂದ ತೆಗೆಯಲಿಲ್ಲ.